ಮಡಿಯಲ್ಲಿ ಬಿದ್ದ ಸಸಿಯ ಬುಡ ನೋಡುವಾಗ

ನರ್ಸರಿಯ ಮಡಿಯಲ್ಲಿ ಎರಡೆಲೆ ಬಿಟ್ಟ ಮರದ ಸಸಿಗಳು ಒಂದು ಬೆಳಿಗ್ಗೆ ವಾಲಿ ಬಿದ್ದಿದ್ದರೆ ನಾನು ಮೊದಲು ನೋಡುವುದು ಎಲೆಯನ್ನಲ್ಲ, ಮಣ್ಣಿಗೆ ತಾಗಿದ ಕಾಂಡವನ್ನು. ಅದು ನೀರು ಕುಡಿದಂತೆ ಮೆತ್ತಗಾಗಿ, ಕಂದು ಬಣ್ಣಕ್ಕೆ ತಿರುಗಿ, ದಾರ ಬಿಗಿದಂತೆ ಸಣಕಲಾಗಿದ್ದರೆ ಸಸಿ ಕೊಳೆ ರೋಗವೆಂದು ಬಲವಾಗಿ ಶಂಕಿಸಬಹುದು. ಕಾಂಡ ಕಡಿದಂತಿದ್ದರೆ ಅದು ಹುಳುವಿನ ಕೆಲಸ. ಕಾದ ಮಣ್ಣಿನಿಂದಾದ ಗಾಯವು ಹೆಚ್ಚಾಗಿ ಬಿಸಿಲು ಬೀಳುವ ಒಂದೇ ಮಗ್ಗುಲಲ್ಲಿರುತ್ತದೆ. ರೋಗವಾದರೆ ಸಾವು ಒಂದೆಡೆ ಗುಂಪಾಗಿ ಆರಂಭವಾಗಿ ಸುತ್ತಲೂ ಹಬ್ಬುತ್ತದೆ. ಮೊಳಕೆಯೇ ಕಾಣದಿದ್ದಲ್ಲಿ ಮಣ್ಣು ಕೆದಕಿ ನೋಡಬೇಕು, ಏಕೆಂದರೆ ಬೀಜ ಒಳಗೇ ಕೊಳೆತಿರಬಹುದು (ನಾನೂ ಒಮ್ಮೆ ಬೀಜವನ್ನೇ ದೂರಿದವನು).

ಯಾವ ರೋಗಾಣು ಎಂಬುದು ಮಾತ್ರ ಬರಿಗಣ್ಣಿಗೆ ಸಿಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ರೈಜೋಕ್ಟೋನಿಯ ಎಂಬ ಶಿಲೀಂಧ್ರದ ಕಂದು ಎಳೆಗಳು ಹೆಚ್ಚುಕಡಿಮೆ ಲಂಬಕೋನದಲ್ಲಿ ಕವಲೊಡೆದು, ಕವಲಿನ ಬುಡದಲ್ಲಿ ತುಸು ಕಿರಿದಾಗಿರುತ್ತವೆ. ಫ್ಯುಸೇರಿಯಂ ಎಂಬ ಇನ್ನೊಂದು ಶಿಲೀಂಧ್ರ ಕುಡುಗೋಲಿನಾಕಾರದ ಬೀಜಕಣಗಳಿಂದ ಗುರುತಾಗುತ್ತದೆ. ಪಿಥಿಯಂ ಎಂಬ ಮತ್ತೊಂದು ರೋಗಾಣುವಿನ ಎಳೆಗಳಲ್ಲಿ ಅಡ್ಡಗೋಡೆಗಳೇ ಅಪರೂಪ. ಈ ಪಿಥಿಯಂ ನಿಜವಾದ ಶಿಲೀಂಧ್ರವೇ ಅಲ್ಲವಾದ್ದರಿಂದ ಎಲ್ಲ ಶಿಲೀಂಧ್ರನಾಶಕಗಳೂ ಅದಕ್ಕೆ ನಾಟುವುದಿಲ್ಲ; ರೋಗಾಣು ಯಾವುದೆಂದು ತಿಳಿಯದೆ ಔಷಧಿ ಸುರಿಯುವುದನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.