ಎಲುಬಿಗಿಂತ ಮೊದಲು ಬೋರ್ಡೇ ಒದ್ದೆ: ಪೀಜೋ ಪ್ರಯೋಗದ ಮಳೆಗಾಲದ ಟಿಪ್ಪಣಿ

ಜೂನ್ 28

ಕುಂಬಳೆಯಲ್ಲಿ ಮಳೆ ಹಿಡಿದು ಮೂರು ವಾರ ಆಯ್ತು. ಮೇ ತಿಂಗಳಲ್ಲಿ ಬಟ್ಟಿನಿಂದ ಒತ್ತಿದಾಗ 60 ಮಿಲಿವೋಲ್ಟ್ ಕೊಡುತ್ತಿದ್ದ ಎಲುಬಿನ ತುಂಡು ಈಗ 15 ದಾಟುತ್ತಿಲ್ಲ. ಒಳಗೊಳಗೆ ಖುಷಿಯೇ ಆಯ್ತು. ತೇವ ತಾಗಿದರೆ ಎಲುಬಿನ ಚಾರ್ಜ್ ಇಳಿಯುತ್ತದಾ ಅಂತಲೇ ನಾನು ಹುಡುಕುತ್ತಿದ್ದುದು.

ಎಲುಬನ್ನು ಒತ್ತಿದರೆ ಚಾರ್ಜ್ ಹುಟ್ಟುತ್ತದೆ ಅಂತ ಜಪಾನಿನ ಫುಕಾಡಾ ಮತ್ತು ಯಾಸುಡಾ 1957ರಲ್ಲಿ ಅಳೆದು ತೋರಿಸಿದರು. ಹೀಗೆ ಒತ್ತಿದಾಗ ಚಾರ್ಜ್ ಹುಟ್ಟುವುದಕ್ಕೇ ಪೀಜೋ ಅನ್ನುವುದು. ಅವರು ತೆಗೆದುಕೊಂಡದ್ದು ಒಣ ಎಲುಬು. ಮೈಯೊಳಗಿನ ಎಲುಬು ಒಣಗಿರುವುದಿಲ್ಲ, ಅಲ್ವಾ? ನನ್ನ ತಲೆ ಕೆಟ್ಟದ್ದು ಅಲ್ಲಿಂದ.

ನನ್ನ ತುಂಡು ಕೋಣದ ಕಾಲಿನ ಎಲುಬಿನದು. ಒಂದು ಸೆಂಟಿಮೀಟರ್ ಚೌಕ, ಒಂದು ಮಿಲಿಮೀಟರ್ ದಪ್ಪ. ಎಲುಬಿನ ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಕುಯ್ದಿದ್ದೇನೆ. ಎಲುಬಿನೊಳಗಿನ ಕೊಲಾಜನ್ ಅನ್ನುವ ಪ್ರೋಟೀನಿನ ಎಳೆಗಳು ಹೆಚ್ಚಾಗಿ ಉದ್ದಕ್ಕೇ ಓಡುತ್ತವೆ. ನೇರವಾಗಿ ಒತ್ತಿದರೆ ಸಿಗುವುದು ಅತ್ಯಲ್ಪ. ಎಳೆಗಳು ಒಂದರ ಪಕ್ಕ ಒಂದು ಜಾರುವ ಹಾಗೆ ಒತ್ತಿದರೆ ಚಾರ್ಜ್ ಜಾಸ್ತಿ. ಜಾಸ್ತಿ ಅಂದರೂ ಒಂದು ಕಿಲೋ ಬಟ್ಟಿಗೆ ಹತ್ತು ಪಿಕೋಕೂಲಂಬ್‌ನ ಒಳಗೆ. ಕೂಲಂಬ್ ಚಾರ್ಜಿನ ಅಳತೆ, ಒಂದು ಪಿಕೋ ಅಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು.

ಜುಲೈ 3

ಖುಷಿ ಇಳಿಯಿತು.

ಎಲುಬನ್ನು ತೆಗೆದು ಅದರ ಜಾಗದಲ್ಲಿ 10 ಪಿಕೋಫ್ಯಾರಡ್ ಕೆಪಾಸಿಟರ್ ಇಟ್ಟೆ. ಅದಕ್ಕೆ ಒಂದು ವೋಲ್ಟ್ ಕೊಟ್ಟರೆ ಸರಿಯಾಗಿ 10 ಪಿಕೋಕೂಲಂಬ್ ಹೋಗುತ್ತದೆ. ಚಾರ್ಜನ್ನು ವೋಲ್ಟೇಜ್ ಮಾಡಿ ಕೊಡುವ ನನ್ನ ಚಾರ್ಜ್ ಆಂಪ್ಲಿಫೈಯರಿನಲ್ಲಿ 100 ಪಿಕೋಫ್ಯಾರಡ್ ಕೆಪಾಸಿಟರ್ ಮತ್ತು ಒಂದು ಗಿಗಾಓಮ್ ರೆಸಿಸ್ಟರ್ ಜೋಡಿ ಇದೆ. ಅಂದರೆ 100 ಮಿಲಿವೋಲ್ಟಿಗೆ ನೆಗೆದು, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮೂರನೇ ಒಂದಂಶದ ಹತ್ತಿರಕ್ಕೆ ಇಳಿಯಬೇಕು. ನೆಗೆತ ಸರಿ ಇತ್ತು. ಇಳಿತ ಮಾತ್ರ ಐದು ಪಟ್ಟು ಬೇಗ.

ಸೋರುತ್ತಿದ್ದುದು ಎಲುಬಲ್ಲ, ಆಂಪ್ಲಿಫೈಯರಿನ ಬೋರ್ಡು! ಬೆಸುಗೆಯ ಫ್ಲಕ್ಸ್ ಕೊಳೆ ಮೇಲೆ ಈ ಊರಿನ ಗಾಳಿ ಕೂತರೆ ಸಾಕು, ಗಿಗಾಓಮ್‌ಗೆ ಪಕ್ಕದಲ್ಲೇ ಒಂದು ಕಳ್ಳದಾರಿ ಹುಟ್ಟುತ್ತದೆ. ನಾನು ಬಟ್ಟು ಎತ್ತಿ ಮುಗಿಸುವುದರೊಳಗೆ ಚಾರ್ಜ್ ಅರ್ಧಕ್ಕರ್ಧ ಖಾಲಿ. ಒಂದು ವಾರದ ಅಳತೆ ಎಲ್ಲ ಹೊಳೆಗೆ.

ಜುಲೈ 6

ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದೆ. ಆಂಪ್ಲಿಫೈಯರಿನ ಚಿಪ್ಪು ಎಲ್‌ಎಂಸಿ662ರ ಇನ್‌ಪುಟ್ ಕಾಲನ್ನು ಮೇಲಕ್ಕೆ ಬಗ್ಗಿಸಿ, ಬೋರ್ಡಿಗೆ ತಾಗದಂತೆ ಗಾಳಿಯಲ್ಲೇ ಬೆಸೆದೆ. ನೋಡಲು ಕೆಟ್ಟದಾಗಿದೆ. ಆದರೆ ಇಳಿತ ಸರಿಹೋಯ್ತು. ಈಗ ಬೋರ್ಡು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್. ಎಲುಬು ಬೇರೆ ಬಾಟ್ಲಿಯಲ್ಲಿ. ಎರಡಕ್ಕೂ ಒಂದೇ ಹವೆ ಕೊಟ್ಟದ್ದೇ ನನ್ನ ಪೆದ್ದುತನ.

ಮೊದಲು ಕೇಳಿದ್ದು ಅಮ್ಮನ ಹಲಸಿನ ಹಪ್ಪಳದ ಡಬ್ಬಿಯನ್ನು. ಮುಚ್ಚಳ ಅಷ್ಟು ಬಿಗಿ. "ಎಲುಬು ಹಾಕ್ಲಿಕ್ಕಾ? ಆ ಕಡೆ ಹೋಗು" ಅಂದರು.

ಜುಲೈ 19

ಬಾಟ್ಲಿಯ ತಳದಲ್ಲಿ ಉಪ್ಪಿನ ಗಟ್ಟಿ ಕೆಸರು ಇಟ್ಟರೆ ಒಳಗಿನ ತೇವ ಸುಮಾರು 75 ಶೇಕಡಾದಲ್ಲಿ ನಿಲ್ಲುತ್ತದೆ. ಕಲ್ಲುಪ್ಪು ಬೇಡ. ಅದರಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಲೆಕ್ಕ ತಪ್ಪಿಸುತ್ತದೆ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರಾಗುವುದಕ್ಕೂ ಅದೇ ಮುಖ್ಯ ಕಾರಣ.

ಸಿಲಿಕಾ ಜೆಲ್ ಬಾಟ್ಲಿಯಲ್ಲಿ ಆರು ದಿನ: 58 ಮಿಲಿವೋಲ್ಟ್. ಉಪ್ಪಿನ ಬಾಟ್ಲಿಯಲ್ಲಿ ಆರು ದಿನ: 40ರ ಆಸುಪಾಸು. ಅಳತೆಯ ಗೆರೆ ಓಲಾಡುತ್ತಿದೆ, ಹಾಗಾಗಿ ಆಸುಪಾಸು.

ಇಳಿಕೆ ಇದೆ, ಆದರೆ ಜೂನ್‌ನಲ್ಲಿ ಕಂಡಷ್ಟು ಇಲ್ಲ. ಚಾರ್ಜ್ ಆಂಪ್ಲಿಫೈಯರ್ ಎಲುಬಿನ ಎರಡೂ ಮುಖಗಳನ್ನು ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿ ಹಿಡಿದಿಡುತ್ತದೆ. ಹಾಗಾಗಿ ಎಲುಬಿನೊಳಗಿನ ಸೋರಿಕೆ ಚಾರ್ಜನ್ನು ಅಷ್ಟಾಗಿ ತಿನ್ನುವುದಿಲ್ಲ, ಗೆರೆಯನ್ನು ಮಾತ್ರ ಓಲಾಡಿಸುತ್ತದೆ. ಉಳಿದ ಇಳಿಕೆಯಲ್ಲಿ ಕೊಲಾಜನ್‌ನ ಪಾಲು ಇರಲೇಬೇಕು ಅಂತ ನನ್ನ ಅಂದಾಜು. ನೀರು ಎಳೆಗಳ ನಡುವೆ ನುಗ್ಗಿ ಅವುಗಳ ಜೋಡಣೆಯನ್ನೇ ಬದಲಿಸುತ್ತದೆ.

ತುಂಡನ್ನು ಮಗುಚಿ ಹಾಕಿದೆ. ಪ್ಲಸ್ ಮೈನಸ್ ಆಯ್ತು. ಬರೀ ಉಜ್ಜಾಟದ ಚಾರ್ಜ್ ಆಗಿದ್ದರೆ ಹೀಗೆ ಅಚ್ಚುಕಟ್ಟಾಗಿ ತಿರುಗುತ್ತಿರಲಿಲ್ಲ.

ಆಗಸ್ಟ್ 2

ಉಪ್ಪುನೀರಿನಲ್ಲಿ ನೆನೆಸಿದ ತುಂಡು. 200 ಮಿಲಿವೋಲ್ಟ್! ಮಗುಚಿದೆ. ಆಗಲೂ ಪ್ಲಸ್ಸೇ. ಅಂದರೆ ಇದು ಪೀಜೋ ಅಲ್ಲ. ಒದ್ದೆ ಎಲುಬನ್ನು ಒತ್ತಿದರೆ ಸಣ್ಣ ಕಾಲುವೆಗಳಲ್ಲಿ ಉಪ್ಪುನೀರು ಹರಿದು ಅದೂ ವೋಲ್ಟೇಜ್ ಕೊಡುತ್ತದೆ. ಲೋಹಕ್ಕೆ ನೀರು ತಾಗುವ ಕಡೆ ಹುಟ್ಟುವ ವೋಲ್ಟೇಜ್ ಬೇರೆ ಇದಕ್ಕೆ ಸೇರುತ್ತದೆ. ಜೀವಂತ ಎಲುಬಿನಲ್ಲಿ ಹರಿವಿನ ಪಾಲೇ ದೊಡ್ಡದು ಅನ್ನುವವರು ಬಹಳ ಮಂದಿ. ನನ್ನ ಡಬ್ಬಿಯಲ್ಲಿ ಅದನ್ನು ಬಿಡಿಸಲು ಆಗುವುದಿಲ್ಲ. ನೆನೆಸುವುದನ್ನು ಇಲ್ಲಿಗೆ ಬಿಟ್ಟೆ.

ಎಲುಬು ಎಷ್ಟು ನೀರು ಕುಡಿಯಿತು ಅಂತ ತೂಗಬೇಕು. ತುಂಡಿನ ತೂಕ 0.2 ಗ್ರಾಂ, ನನ್ನ ತಕ್ಕಡಿ 10 ಮಿಲಿಗ್ರಾಂಗಿಂತ ಕೆಳಗೆ ನೋಡುವುದೇ ಇಲ್ಲ. ಪೇಟೆಯಲ್ಲಿ ಪರಿಚಯದ ಒಬ್ಬ ಅಕ್ಕಸಾಲಿಗರಿದ್ದಾರೆ. ತುಂಡು ಯಾವುದರದ್ದು ಅಂತ ಅವರಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೇನೆ.