ಹಳೇ ಸಾಮಾನಿನ ವ್ಯಾಪಾರ: ಈವರೆಗಿನ ಲೆಕ್ಕ

ಹಾಕಿದ ಐದು ಸಾವಿರ ವಾಪಸ್ ಬಂದಿದೆ. ಮೇಲೆ ಸ್ವಲ್ಪ ಲಾಭವೂ ಇದೆ. ಅಷ್ಟೂ ಲಾಭ ಕಡಿಮೆಗೆ ಕೊಂಡಿದ್ದರಿಂದಲೇ ಬಂದಿದ್ದು.

ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಭಾನುವಾರದ ಸಂತೆಯಲ್ಲೇ ನನ್ನ ಖರೀದಿ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬೇಕು. ತಡವಾದರೆ ಒಳ್ಳೇ ಮಾಲನ್ನು ಅಂಗಡಿಯವರು ಎತ್ತಿಕೊಂಡು ಹೋಗಿರುತ್ತಾರೆ. ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಳ್ಳುತ್ತೇನೆ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಅಂಟಿತು ಅಂದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ.

ಸದ್ಯಕ್ಕೆ ಹಿತ್ತಾಳೆಯ ಅಡುಗೆಮನೆ ಸಾಮಾನು ಮಾತ್ರ. ಗುಜರಿಯವರು ತೂಕಕ್ಕೆ ಕೊಡುತ್ತಾರೆ. ಯಾರೂ ಕೊಳ್ಳದಿದ್ದರೂ ಲೋಹದ ಬೆಲೆಯಾದರೂ ಉಳಿಯುತ್ತದೆ, ಅಲ್ವಾ? ಪಿಂಗಾಣಿ, ಮರದ ಸಾಮಾನಿಗೆ ಆ ಧೈರ್ಯ ಇಲ್ಲ.

ಈ ಸಲದ ಒಳ್ಳೇ ಖರೀದಿ ಒಂದು ಪಾವು. ಪೂರ್ತಿ ಕಪ್ಪಾಗಿತ್ತು. ಅಂಚಿನ ಕೆಳಗೆ ಬೆರಳಾಡಿಸಿದಾಗ ಸಾಲಾಗಿ ಸಣ್ಣ ಮುದ್ರೆಗಳು ಸಿಕ್ಕವು, ಅಳತೆ ಸರಿಯಿದೆ ಎಂದು ಪರೀಕ್ಷಿಸಿ ಹೊಡೆದವು. ಒಂದರಲ್ಲಿ 48 ಅಂತ ಓದಬಹುದಿತ್ತು. ನಮ್ಮಲ್ಲಿ ಮೆಟ್ರಿಕ್ ಅಳತೆಗೆ ಕಾಯ್ದೆ ಆಗಿದ್ದು 1956ರಲ್ಲಿ. ಪಾವು, ಸೇರಿಗೆ ಮುದ್ರೆ ಹೊಡೆಯುತ್ತಿದ್ದ ಕಾಲ ಅದಕ್ಕೂ ಹಿಂದಿನದು, ಹಾಗಾಗಿ 1948 ಅಂತಲೇ ನನ್ನ ಅಂದಾಜು. "ಅಣ್ಣಾ, ತೂಕದ ರೇಟಿಗೇ ಹಾಕಿಕೊಡಿ" ಅಂದೆ. 300 ರೂಪಾಯಿ ಆಯಿತು. ಬಸವನಗುಡಿಯಲ್ಲಿ ಹೊಸ ಹೋಟೆಲ್‌ಗೆ ಅಲಂಕಾರ ಮಾಡಿಸುತ್ತಿದ್ದವರು ಮುದ್ರೆ ನೋಡಿ 900 ಕೊಟ್ಟರು.

ಹುಣಸೆಹಣ್ಣು ಹಚ್ಚಿ ಥಳಥಳ ಅನ್ನುವ ಹಾಗೆ ಉಜ್ಜಲು ಕೈ ತುಡಿಯುತ್ತದೆ. ಉಜ್ಜಬೇಡಿ. ಆ ಹಳೇ ಬಣ್ಣ ಹೋದರೆ ಹಳೇ ಸಾಮಾನು ಹುಡುಕುವವರು ತಿರುಗಿ ನೋಡುವುದಿಲ್ಲ. ಸೋಪಿನ ನೀರು, ಮೆತ್ತನೆ ಬ್ರಷ್ ಸಾಕು. ಹಸಿರು ಕಿಲುಬು ಕಟ್ಟಿದ್ದ ಕಡೆ ಮಾತ್ರ ಸ್ವಲ್ಪ ಹುಣಸೆ ಹಚ್ಚಿ ತೊಳೆದೆ.

ಕಾನೂನಿನ ವಿಷಯ ಹೊಸಬರು ಯಾರೂ ಕೇಳುವುದಿಲ್ಲ, ಕೇಳಲೇಬೇಕು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಕಲಾಕೃತಿಯಂಥವನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಖಾಸಗಿಯವರು ಅವನ್ನು ವಿದೇಶಕ್ಕೆ ಕಳಿಸುವಂತಿಲ್ಲ. ನನಗೆ ಲೈಸೆನ್ಸ್ ಇಲ್ಲ. ಹಾಗಾಗಿ ತೀರಾ ಹಳೇದು ಅನ್ನಿಸಿದ್ದನ್ನು ಬಿಡುತ್ತೇನೆ. ದೇವರ ವಿಗ್ರಹವನ್ನಂತೂ ಎಷ್ಟೇ ಅಗ್ಗಕ್ಕೆ ಬಂದರೂ ಮುಟ್ಟುವುದಿಲ್ಲ. ಯಾವ ದೇವಸ್ಥಾನದಿಂದ ಬಂತೋ ಯಾರಿಗೆ ಗೊತ್ತು?

ಮುಂದಿನದು ಎಚ್ಎಂಟಿ ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ನಮ್ಮ ಬೆಂಗಳೂರಿನಲ್ಲೇ ಶುರುವಾಗಿದ್ದು. ಕೀ ಕೊಡುವ ಜನತಾ, ಪೈಲಟ್‌ಗೆ ಈಗಲೂ ಬೇಡಿಕೆ ಇದೆ. ಆದರೆ ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು, ಅಕ್ಷರ ಅಚ್ಚು ಹಾಕಿ ಮಾರುವುದು ಜಾಸ್ತಿ. ನಮ್ಮ ಬೀದಿಯ ವಾಚ್ ರಿಪೇರಿಯವರು ಹಿಂದಿನ ಮುಚ್ಚಳ ಬಿಚ್ಚಿ ತೋರಿಸಲು ಒಪ್ಪಿದ್ದಾರೆ. ಅಲ್ಲಿ ನಾಲ್ಕಾರು ನೋಡಿ ಕಣ್ಣು ಪಳಗುವವರೆಗೆ ಒಂದನ್ನೂ ಕೊಳ್ಳುವುದಿಲ್ಲ.