ಟೊಮೆಟೊ ಗಿಡಕ್ಕೆ ಎರೆಜಲದ ಸಿಂಪಡಣೆ

ಕೋಲಾರದ ಕಡೆಯ ಟೊಮೆಟೊ ತೋಟಗಳಲ್ಲಿ ಔಷಧ ಸಿಂಪಡಣೆಯ ಖರ್ಚನ್ನು ನೋಡುತ್ತ ಬಂದಿರುವ ನನಗೆ ಎರೆಜಲದ ಮೇಲೆ ನಿಜವಾದ ಅಕ್ಕರೆಯಿದೆ. ಎರೆಹುಳುಗಳಿರುವ ಸಗಣಿ, ಒಣಎಲೆಗಳ ಪದರದ ಮೇಲೆ ಹನಿಹನಿಯಾಗಿ ಬಿಟ್ಟ ನೀರು ಹುಳುಗಳ ಬಿಲಗಳ ಮೂಲಕ ಇಳಿಯುತ್ತ, ಅವುಗಳ ಮೈಯ ಸ್ರಾವವನ್ನೂ ಗೊಬ್ಬರದ ಪೋಷಕಾಂಶಗಳನ್ನೂ ಉಪಕಾರಿ ಸೂಕ್ಷ್ಮಜೀವಿಗಳನ್ನೂ ಹೊತ್ತು, ಡ್ರಮ್ಮಿನ ತಳದ ನಲ್ಲಿಯಿಂದ ಕಂದು ದ್ರವವಾಗಿ ಹೊರಬರುತ್ತದೆ; ಇದೇ ಎರೆಜಲ. ಕೊಳೆತ ವಾಸನೆಯಿದ್ದರೆ ಅದನ್ನು ಬಳಸಬಾರದು. ಒಳಗೆ ಗಾಳಿಯಾಡುತ್ತಿಲ್ಲವೆಂದೇ ಅದರ ಅರ್ಥ.

1 ಲೀಟರ್ ಎರೆಜಲಕ್ಕೆ 10 ಲೀಟರ್ ನೀರು ಬೆರೆಸಿ, ತೆಳುಬಟ್ಟೆಯಲ್ಲಿ ಸೋಸಿ, ಬಿಸಿಲಿಳಿದ ಮೇಲೆ ಎಲೆಗಳ ಅಡಿಭಾಗಕ್ಕೂ ತಗಲುವಂತೆ ಸಿಂಪಡಿಸಬೇಕು. ಸೋಸದಿದ್ದರೆ ಸಿಂಪಡಣಾ ಯಂತ್ರದ ಮೂತಿ ಕಟ್ಟಿಕೊಳ್ಳುತ್ತದೆ.

ಇದು ಮುಖ್ಯವಾಗಿ ಗಿಡದ ಬೆಳವಣಿಗೆಗೆ ನೆರವಾಗುತ್ತದೆಯೇ ಹೊರತು ಎಲ್ಲ ರೋಗಗಳಿಗೂ ಮದ್ದಲ್ಲ. ಬಿಳಿನೊಣದಿಂದ ಹರಡುವ ಎಲೆಮುರುಟು ನಂಜುರೋಗ (ವೈರಸ್ ರೋಗ) ಒಮ್ಮೆ ತಗುಲಿದರೆ ಯಾವ ಸಿಂಪಡಣೆಯೂ ಅದನ್ನು ಗುಣಪಡಿಸುವುದಿಲ್ಲ. ಅಂಥ ಗಿಡವನ್ನು ಕಿತ್ತು ನಾಶಪಡಿಸಿ, ಹಳದಿ ಅಂಟುಬಲೆಗಳನ್ನು ಕಟ್ಟಿ, ನರ್ಸರಿಯಲ್ಲಿಯೇ ಸಸಿಗಳಿಗೆ ಸೊಳ್ಳೆಪರದೆಯಂಥ ಬಲೆ ಹೊದಿಸುವುದು ಸರಿಯಾದ ದಾರಿ. ಎರೆಜಲ ಸಗಣಿಯಿಂದ ಬಂದ ದ್ರವವಾದ್ದರಿಂದ, ಕೊಯ್ಲು ಹತ್ತಿರವಾದಾಗ ಹಣ್ಣಿನ ಮೇಲೆ ಸಿಂಪಡಿಸದೆ ಬುಡಕ್ಕಷ್ಟೇ ಹಾಕುವುದು ಕ್ಷೇಮ.